ಮಳೆಗಾಲದ ಓದುಕೂಟಕ್ಕೆ ಯಾವ ಪುಸ್ತಕ, ಯಾವ ನಾಟಕ?

ಪ್ರಶ್ನೆ: ನಾಪೋಕ್ಲು ಕಡೆಯ ಶಿಕ್ಷಕಿ

ಎಲ್ಲರಿಗೂ ನಮಸ್ಕಾರ. ನಾಪೋಕ್ಲು ಸಮೀಪದ ನಮ್ಮ ಊರಿನಲ್ಲಿ ಈ ಮಳೆಗಾಲದಿಂದ ಒಂದು ಓದುಕೂಟವನ್ನು ಆರಂಭಿಸಬೇಕೆಂದು ಕೆಲವರು ಸೇರಿ ನಿಶ್ಚಯಿಸಿದ್ದೇವೆ. ಗದ್ದೆಯ ನಾಟಿ ಮುಗಿದು, ತೋಟದ ಕೆಲಸವೂ ಮಳೆಯಿಂದಾಗಿ ಹಿಂದೆ ಬೀಳುವ ದಿನಗಳಲ್ಲಿ ಭಾನುವಾರದ ಮಧ್ಯಾಹ್ನಗಳು ಎಲ್ಲರಿಗೂ ಬಿಡುವಾಗಿರುತ್ತವೆ. ಸೇರುವವರಲ್ಲಿ ಸೇನೆಯಿಂದ ನಿವೃತ್ತರಾದವರು, ಸಣ್ಣ ಬೆಳೆಗಾರರು, ಗೃಹಿಣಿಯರು ಮತ್ತು ಪದವಿ ಓದುತ್ತಿರುವ ಮಕ್ಕಳು ಇದ್ದಾರೆ. ಮನೆಮಾತು ಕೆಲವರಿಗೆ ಕೊಡವ ತಕ್ಕ್, ಕೆಲವರಿಗೆ ಅರೆಭಾಷೆ, ಇನ್ನು ಕೆಲವರಿಗೆ ಮಲಯಾಳಂ. ಕನ್ನಡವನ್ನು ಓದಲು, ಬರೆಯಲು ಎಲ್ಲರೂ ಬಲ್ಲರು, ಆದರೆ ಶಾಲೆ ಬಿಟ್ಟ ಮೇಲೆ ಪತ್ರಿಕೆಯ ಹೊರತು ಬೇರೇನನ್ನೂ ಓದದವರ ಸಂಖ್ಯೆ ದೊಡ್ಡದು.

ಹಗುರವಾದ ಪುಸ್ತಕಗಳಿಂದ ಆರಂಭಿಸಿದರೆ ಜನ ಉಳಿಯುತ್ತಾರೆ ಎಂದು ಕೆಲವರು ಸಲಹೆ ನೀಡಿದ್ದಾರೆ. ನನಗೆ ಅದು ಒಪ್ಪಿಗೆಯಾಗಲಿಲ್ಲ. ಬಿಡುವು ಮಾಡಿಕೊಂಡು, ಮಳೆಯಲ್ಲಿ ನಡೆದು ಬರುವವರಿಗೆ, ಮನೆಗೆ ಹೋದ ಮೇಲೂ ಯೋಚಿಸುವಂತಹದ್ದನ್ನೇ ಕೊಡಬೇಕೆಂಬುದು ನನ್ನ ಆಸೆ. ಕೊಡಗಿಗೆ ಸಂಬಂಧಿಸಿದ ಕೃತಿಗಳು ಇರಲಿ, ಆದರೆ ಅವಷ್ಟೇ ಆಗಬಾರದು. ಸಭೆಯಲ್ಲಿ ಗಟ್ಟಿಯಾಗಿ ಓದಬಹುದಾದ ನಾಟಕಗಳನ್ನೂ ಸೇರಿಸಬೇಕೆಂದಿದ್ದೇನೆ. ಬಲ್ಲವರು ದಯವಿಟ್ಟು ಹೆಸರುಗಳ ಜೊತೆಗೆ ಕಾರಣಗಳನ್ನೂ ತಿಳಿಸಬೇಕು.

ಉತ್ತರ: ವಿರಾಜಪೇಟೆಯ ನಿವೃತ್ತ ಕನ್ನಡ ಅಧ್ಯಾಪಕ

ಮೇಡಂ, ನಿಮ್ಮ ನಿಲುವು ಸರಿಯಾಗಿದೆ. ಓದುವ ಅಭ್ಯಾಸ ತಪ್ಪಿದವರಿಗೆ ಸಣ್ಣದು ಬೇಕಾಗಬಹುದು, ಟೊಳ್ಳಾದದ್ದು ಖಂಡಿತ ಬೇಡ.

ನನ್ನ ಮೊದಲ ಸೂಚನೆ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಚಿಕವೀರ ರಾಜೇಂದ್ರ’. ಹಾಲೇರಿ ಅರಸುಮನೆತನದ ಕೊನೆಯ ದೊರೆಯನ್ನು ಕುರಿತ ಈ ಕಾದಂಬರಿ ಪ್ರಕಟವಾದದ್ದು 1956ರಲ್ಲಿ. ಅಲ್ಲಿಯವರೆಗೆ ಪ್ರತ್ಯೇಕ ರಾಜ್ಯವಾಗಿದ್ದ ಕೊಡಗು ಮೈಸೂರು ರಾಜ್ಯದೊಡನೆ ಸೇರಿದ್ದೂ ಅದೇ ವರ್ಷದ ನವೆಂಬರ್ 1ರಂದು. ಮುಂದೆ 1983ರ ಜ್ಞಾನಪೀಠ ಪ್ರಶಸ್ತಿ ಮಾಸ್ತಿಯವರಿಗೆ ಬಂದಾಗ ಈ ಕೃತಿ ನಾಡಿನಾಚೆಗೂ ಹೆಸರಾಯಿತು. ಪುಸ್ತಕದ ಗಾತ್ರ ಕಂಡು ಹಿಂಜರಿಯುವುದು ಬೇಡ, ಏಕೆಂದರೆ ಅಧ್ಯಾಯಗಳು ಚಿಕ್ಕವು, ಭಾಷೆ ತಿಳಿಯಾದದ್ದು, ಮಾತುಕತೆ ಧಾರಾಳವಾಗಿದೆ.

ಇಂಗ್ಲಿಷರು 1834ರಲ್ಲಿ ಕೊಡಗನ್ನು ವಶಪಡಿಸಿಕೊಂಡರು ಎಂಬ ಒಂದು ವಾಕ್ಯವನ್ನು ನಾವೆಲ್ಲರೂ ಶಾಲೆಯಲ್ಲಿ ಕಲಿತಿದ್ದೇವೆ. ಆ ವಾಕ್ಯದ ಹಿಂದೆ ಏನೇನು ನಡೆದಿರಬಹುದೆಂಬುದನ್ನು ಮಾಸ್ತಿಯವರು ಅರಮನೆಯ ಒಳಗಿನಿಂದ ಕಾಣಿಸುತ್ತಾರೆ. ದೊರೆಗೆ ತನ್ನ ತಂಗಿ ಮತ್ತು ಭಾವನ ಮೇಲಿನ ಸಂಶಯ, ಅವನ ಎಲ್ಲ ಕೆಟ್ಟ ಕೆಲಸಗಳಿಗೂ ನೆರವಾಗುವ ಕುಂಟ ಬಸವ, ಎಲ್ಲವನ್ನೂ ಕಂಡು ಘನತೆಯಿಂದ ಸಹಿಸುವ ರಾಣಿ ಗೌರಮ್ಮ, ಇವರ ನಡುವೆ ಮಂತ್ರಿ ಬೋಪಣ್ಣ. ಕೂಟದಲ್ಲಿ ಚರ್ಚೆಗೆ ಎತ್ತಿಕೊಳ್ಳಬೇಕಾದದ್ದು ಈ ಬೋಪಣ್ಣನನ್ನು. ಅರಸನಿಗೆ ನಿಷ್ಠನಾಗಿರಬೇಕೋ, ಅರಸನಿಂದ ನೊಂದ ನಾಡಿಗೆ ನಿಷ್ಠನಾಗಿರಬೇಕೋ ಎಂಬ ಪ್ರಶ್ನೆ ಅವನನ್ನು ದಿನದಿನಕ್ಕೆ ಹಿಂಡುತ್ತದೆ. ನಾಡಿಗಾಗಿ ಎಂದು ಅವನು ಹಿಡಿಯುವ ದಾರಿಯೇ ನಾಡನ್ನು ಪರರ ಕೈಗೆ ಒಪ್ಪಿಸುವ ದಾರಿಯೂ ಆಗುತ್ತದೆ. ಸೇನೆಯಲ್ಲಿ ದುಡಿದವರು ನಿಮ್ಮ ಕೂಟದಲ್ಲಿ ಇರುವುದರಿಂದ ಈ ವಿಷಯದಲ್ಲಿ ಒಳ್ಳೆಯ ಮಾತು ನಡೆದೀತು.

ಇದು ಕಾದಂಬರಿಯೇ ಹೊರತು ಚರಿತ್ರೆಯ ದಾಖಲೆಯಲ್ಲ ಎಂಬುದನ್ನು ಮೊದಲ ದಿನವೇ ಹೇಳಿಬಿಡಿ, ಇಲ್ಲವಾದರೆ ‘ನಮ್ಮ ಮನೆತನದವರು ಹಾಗಿರಲಿಲ್ಲ’ ಎಂಬಲ್ಲಿಗೆ ಚರ್ಚೆ ನಿಂತುಹೋಗುತ್ತದೆ. ನಿಮ್ಮೂರಿನಿಂದ ಕಕ್ಕಬ್ಬೆ ದೂರವಿಲ್ಲ. ದೊಡ್ಡವೀರರಾಜೇಂದ್ರ ಕಟ್ಟಿಸಿದ, ಚಿಕವೀರರಾಜೇಂದ್ರ ಕೊನೆಯಲ್ಲಿ ಆಶ್ರಯ ಪಡೆದ ನಾಲ್ಕುನಾಡು ಅರಮನೆಯಲ್ಲಿಯೇ ಒಂದು ದಿನ ಕುಳಿತು ಕೊನೆಯ ಅಧ್ಯಾಯಗಳನ್ನು ಓದಲು ಸಾಧ್ಯವಾದರೆ ಖಂಡಿತ ಮಾಡಿ.

ಇದಾದ ಮೇಲೆ, ಇಂಗ್ಲಿಷರ ವಿರುದ್ಧ ಕೊಡಗಿನಲ್ಲಿ ಎದ್ದ ದಂಗೆಯನ್ನು ಕುರಿತ, ನಿರಂಜನರ ‘ಕಲ್ಯಾಣಸ್ವಾಮಿ’ ಮತ್ತು ‘ಸ್ವಾಮಿ ಅಪರಂಪಾರ’ ಕಾದಂಬರಿಗಳನ್ನು ಓದಬೇಕು. ಕೊಡಗಿನ ಸೀಮೆಗೆ ಸೇರಿದ್ದ ಅಮರಸುಳ್ಯ ಮತ್ತು ಪುತ್ತೂರನ್ನು ಇಂಗ್ಲಿಷರು ಕೆನರಾಕ್ಕೆ ಸೇರಿಸಿದ್ದು, ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳತೊಡಗಿದ್ದು, ಅದರಿಂದ ರೈತರು ಸಾಹುಕಾರರ ಕೈಗೆ ಸಿಕ್ಕಿದ್ದು 1837ರ ದಂಗೆಗೆ ಮುಖ್ಯ ಕಾರಣಗಳಾದವು. ದಂಗೆಯ ಮುಂದಾಳುಗಳಲ್ಲಿ ಒಬ್ಬರಾದ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಆ ವರ್ಷದ ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ಗಲ್ಲಿಗೇರಿಸಲಾಯಿತು. ಮಾಸ್ತಿಯವರು ಅರಮನೆಯಿಂದ ನೋಡಿದ ಕಾಲವನ್ನು ನಿರಂಜನರು ಹೊಲಗದ್ದೆಯಿಂದ ನೋಡುತ್ತಾರೆ. ಒಂದರ ಬೆನ್ನಿಗೆ ಇನ್ನೊಂದನ್ನು ಓದಿದಾಗ ಮೊದಲನೆಯದರಲ್ಲಿ ಯಾರ ದನಿ ಕೇಳಿಸಿರಲಿಲ್ಲವೆಂಬುದು ತಾನಾಗಿ ಗೊತ್ತಾಗುತ್ತದೆ.

ಉತ್ತರ: ಮಡಿಕೇರಿಯ ಓದುಗಿ

ಅಧ್ಯಾಪಕರ ಮಾತುಗಳನ್ನು ಗೌರವದಿಂದ ಓದಿದೆ. ಆದರೂ ಮೊದಲ ಭಾನುವಾರವೇ ‘ಚಿಕವೀರ ರಾಜೇಂದ್ರ’ವನ್ನು ಎತ್ತಿಕೊಳ್ಳುವುದು ಬೇಡವೆಂದು ನನಗೆ ತೋರುತ್ತದೆ. ಹಲವಾರು ವಾರ ಹಿಡಿಯುವ ಪುಸ್ತಕದಲ್ಲಿ ಎರಡನೆಯ ವಾರ ತಪ್ಪಿಸಿಕೊಂಡವರು ಮೂರನೆಯ ವಾರ ಬರಲು ಸಂಕೋಚಪಡುತ್ತಾರೆ. ಒಂದೇ ಕೂತಿನಲ್ಲಿ ಓದಿ, ಅಂದೇ ಮಾತನಾಡಿ ಮುಗಿಸಬಹುದಾದ ಕಥೆಗಳಿಂದ ಆರಂಭಿಸಿ. ಅದಕ್ಕೆ ಕೊಡಗಿನ ಗೌರಮ್ಮನವರಿಗಿಂತ ಉತ್ತಮ ಆಯ್ಕೆ ನನಗೆ ಕಾಣುವುದಿಲ್ಲ.

ಗೌರಮ್ಮ 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದರು, ಶುಂಠಿಕೊಪ್ಪದ ಬಳಿಯ ತೋಟದಲ್ಲಿ ಸಂಸಾರ ನಡೆಸಿದರು, 1939ರ ಏಪ್ರಿಲ್‌ನಲ್ಲಿ ಈಜಲು ಹೋಗಿ ನೀರಿನಲ್ಲಿ ಮುಳುಗಿ ತೀರಿಕೊಂಡರು. ಆಗ ಅವರಿಗೆ ಇಪ್ಪತ್ತೇಳು ವರ್ಷ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕುಳಿತು, ಬಂದ ಮೇಲೆ ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟ ಪ್ರಸಂಗವನ್ನು ನಮ್ಮಲ್ಲಿ ಅನೇಕರು ಬಲ್ಲರು. ಆ ಪ್ರಸಂಗ ಗೊತ್ತಿರುವವರಲ್ಲಿ ಅವರ ಕಥೆಗಳನ್ನು ಓದಿದವರು ಮಾತ್ರ ಕಡಿಮೆ, ಇದು ನನಗೆ ಬಹಳ ಬೇಸರದ ಸಂಗತಿ. ಅವರ ಸಂಕಲನಗಳ ಹೆಸರು ‘ಕಂಬನಿ’ ಮತ್ತು ‘ಚಿಗುರು’.

ಅವರ ಕಥೆಗಳಲ್ಲಿ ಬಾಲವಿಧವೆಯರಿದ್ದಾರೆ, ಸುಧಾರಣೆಯ ಮಾತನಾಡಿ ಕೊನೆಯ ಗಳಿಗೆಯಲ್ಲಿ ಜಾರಿಕೊಳ್ಳುವ ಓದಿದ ಗಂಡಸರಿದ್ದಾರೆ, ಜಾತಿಯ ಗೆರೆಯನ್ನು ದಾಟಿದ ಪ್ರೀತಿ ಇದೆ. ತೊಂಬತ್ತು ವರ್ಷಗಳ ಹಿಂದೆ, ಇಪ್ಪತ್ತರ ಹರೆಯದ ಹೆಣ್ಣುಮಗಳೊಬ್ಬಳು ಇವನ್ನೆಲ್ಲ ಅಳುಮುಂಜಿತನವಿಲ್ಲದೆ ಬರೆದಳೆಂಬುದು ಸಾಮಾನ್ಯ ವಿಷಯವಲ್ಲ. ಅವರ ರೀತಿಯನ್ನು ತಿಳಿಯಲು ‘ಅಪರಾಧಿ ಯಾರು?’ ಎಂಬ ಕಥೆಯ ಶೀರ್ಷಿಕೆಯನ್ನೇ ನೋಡಿ. ಅದು ಪ್ರಶ್ನೆಯ ರೂಪದಲ್ಲಿದೆ, ಮತ್ತು ಆ ಪ್ರಶ್ನೆ ಓದುವವರ ಮುಂದೆ ಇಟ್ಟದ್ದು. ಇಂತಹ ಕಥೆಯನ್ನು ಓದಿದ ಮೇಲೆ ನೀವು ಚರ್ಚೆಗೆಂದು ಬೇರೆ ಪ್ರಶ್ನೆ ಸಿದ್ಧಪಡಿಸುವ ಅಗತ್ಯವೇ ಇಲ್ಲ; ಒಂದು ನಿಮಿಷ ಸುಮ್ಮನಿದ್ದರೆ ಸಾಕು, ಗೃಹಿಣಿಯರಲ್ಲಿ ಯಾರಾದರೊಬ್ಬರು ಮಾತು ತೆಗೆಯುತ್ತಾರೆ. ಓದುವ ಹೊಣೆಯನ್ನು ಅವರಿಗೇ ವಹಿಸಿ ಎಂಬುದು ನನ್ನ ಒತ್ತಾಯ. ಸಭೆಗಳಲ್ಲಿ ಓದುವವರು ಯಾವಾಗಲೂ ಮೇಷ್ಟ್ರುಗಳೂ ನಿವೃತ್ತ ಅಧಿಕಾರಿಗಳೂ ಆಗಿರುತ್ತಾರೆ, ಚಹಾ ಕೊಡುವವರು ಹೆಂಗಸರಾಗಿರುತ್ತಾರೆ.

ಬೆಳೆಗಾರರಿಗಾಗಿ ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವನ್ನೂ ಸೇರಿಸಿಕೊಳ್ಳಿ. ಅವರೂ ಮೂಡಿಗೆರೆಯಲ್ಲಿ ಕಾಫಿ ಬೆಳೆದವರು. ಏಲಕ್ಕಿಯ ಅವನತಿಯ ಕಾರಣ ಹುಡುಕುತ್ತಾ ಹೋಗುವ ಆ ಕಾದಂಬರಿ ಒಂದು ಊರಿನ ರಾಜಕೀಯ, ಕೋಮುಭಾವನೆ, ಕಾಡಿನ ನಾಶ ಎಲ್ಲವನ್ನೂ ಒಟ್ಟಿಗೆ ಹಿಡಿಯುತ್ತದೆ. ಏಲಕ್ಕಿ ಮಲೆ ಹಾಳಾದುದನ್ನು ಕಣ್ಣಾರೆ ಕಂಡ ಹಿರಿಯರು ನಮ್ಮಲ್ಲಿ ಇನ್ನೂ ಇದ್ದಾರೆ. ಭಾರತೀಸುತರ ‘ಹುಲಿಯ ಹಾಲಿನ ಮೇವು’, ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಗಳನ್ನು ಹೆಚ್ಚಿನವರು ಚಲನಚಿತ್ರಗಳಾಗಿ ಮಾತ್ರ ಬಲ್ಲರು. ಕೊಡಗಿನವರೇ ಆದ ಅವರನ್ನು ಪುಸ್ತಕದಲ್ಲಿಯೂ ಓದಲಿ.

ಉತ್ತರ: ಕುಶಾಲನಗರದ ಹವ್ಯಾಸಿ ರಂಗಾಸಕ್ತ

ನಾಟಕಗಳ ಬಗ್ಗೆ ಯಾರೂ ಇನ್ನೂ ಬರೆಯದ ಕಾರಣ ಆ ಭಾಗವನ್ನು ನಾನು ವಹಿಸಿಕೊಳ್ಳುತ್ತೇನೆ. ಮನೆಮಾತು ಬೇರೆಬೇರೆಯಾಗಿರುವ ಕೂಟಕ್ಕೆ ಕಾದಂಬರಿಗಿಂತ ನಾಟಕವೇ ಹೆಚ್ಚು ಒಗ್ಗುತ್ತದೆ. ಕಾದಂಬರಿಯನ್ನು ಒಬ್ಬರು ಓದಿದರೆ ಉಳಿದವರು ಕೇಳುಗರಾಗಿಯೇ ಉಳಿಯುತ್ತಾರೆ. ನಾಟಕದಲ್ಲಿ ಎರಡೇ ಸಾಲಿನ ಪಾತ್ರ ಸಿಕ್ಕವರೂ ತಮ್ಮ ಸರದಿಗಾಗಿ ಪುಟದ ಮೇಲೆ ಕಣ್ಣಿಟ್ಟು ಕುಳಿತಿರುತ್ತಾರೆ. ಒಂದು ನಿಯಮವನ್ನು ಮಾತ್ರ ತಪ್ಪದೆ ಪಾಲಿಸಿ: ರಂಗಸೂಚನೆಗಳನ್ನು ಓದಲು ಪ್ರತ್ಯೇಕವಾಗಿ ಒಬ್ಬರಿರಲಿ. ಅದನ್ನು ಬಿಟ್ಟರೆ ಅರ್ಧ ನಾಟಕ ಕೈಬಿಟ್ಟಂತೆ.

ಕುವೆಂಪು ಅವರ ‘ಜಲಗಾರ’ದಿಂದ ಆರಂಭಿಸಬಹುದು. 1928ರ ಈ ಚಿಕ್ಕ ನಾಟಕದಲ್ಲಿ ಗುಡಿಗೆ ಹೋಗದ, ಬೀದಿ ಗುಡಿಸುವ ಜಲಗಾರನ ಮುಂದೆ ಶಿವನೇ ಜಲಗಾರನಾಗಿ ಬಂದು ನಿಲ್ಲುತ್ತಾನೆ. ಪದ್ಯರೂಪದಲ್ಲಿದ್ದರೂ ಅಂಜಬೇಕಾಗಿಲ್ಲ, ಸರಳರಗಳೆಯ ನಡೆ ನಾಲಿಗೆಗೆ ಬೇಗ ಒಗ್ಗುತ್ತದೆ. ಅದು ಹಿಡಿಸಿದರೆ ‘ಶೂದ್ರ ತಪಸ್ವಿ’ಗೆ ಹೋಗಿ. ತಪಸ್ಸು ಮಾಡಿದ್ದಕ್ಕಾಗಿ ರಾಮನಿಂದ ಹತನಾದ ಶೂದ್ರ ಶಂಬೂಕನ ಕಥೆಯಲ್ಲಿ ರಾಮನ ಬಾಣ ಯಾರನ್ನು ಅಟ್ಟಬೇಕೆಂಬುದನ್ನೇ ಬದಲಾಯಿಸಿದ ಈ ಕೃತಿಗೆ ಮಾಸ್ತಿಯವರು ಆಕ್ಷೇಪ ಎತ್ತಿದ್ದರು, ಕುವೆಂಪು ಅದಕ್ಕೆ ಉತ್ತರ ಕೊಟ್ಟಿದ್ದರು. ಪುರಾಣದ ಕಥೆಯನ್ನು ತಿದ್ದುವ ಹಕ್ಕು ಕವಿಗೆ ಎಷ್ಟಿದೆ ಎಂಬ ಆ ಚರ್ಚೆ ಇಂದಿಗೂ ಹಳತಾಗಿಲ್ಲ.

ಗಿರೀಶ ಕಾರ್ನಾಡರ ‘ತುಘಲಕ್’ ನನ್ನ ಅತ್ಯಂತ ಪ್ರೀತಿಯ ನಾಟಕ. 1964ರಲ್ಲಿ ಬಂದ ಇದರಲ್ಲಿ ಹದಿಮೂರು ದೃಶ್ಯಗಳಿವೆ. ಎರಡು ಅಥವಾ ಮೂರು ಬೈಠಕ್‌ಗಳಲ್ಲಿ ಮುಗಿಸಬಹುದು. ಸುಲ್ತಾನನನ್ನು ಕೊಲ್ಲಲು ಅಮೀರರು ನಮಾಜಿನ ಹೊತ್ತನ್ನೇ ಆರಿಸಿಕೊಳ್ಳುವ ದೃಶ್ಯವನ್ನು ನಿಧಾನವಾಗಿ ಓದಿಸಿ. ದಿನಕ್ಕೆ ಐದು ಬಾರಿ ನಮಾಜು ಕಡ್ಡಾಯ ಎಂದು ಆಜ್ಞೆ ಮಾಡಿದವನು ಸುಲ್ತಾನನೇ, ಆ ಹೊತ್ತಿನಲ್ಲಿ ಯಾರ ಬಳಿಯೂ ಆಯುಧವಿರಬಾರದೆಂಬ ನಿಯಮವೂ ಇದೆ, ಸಂಚುಗಾರರು ಅದೇ ಗಳಿಗೆಯಲ್ಲಿ ಕಠಾರಿ ಹಿರಿಯುತ್ತಾರೆ. ಸಂಚನ್ನು ಮೊದಲೇ ಅರಿತಿದ್ದ ಸುಲ್ತಾನನ ಸೈನಿಕರು ಅವರನ್ನು ಸುತ್ತುವರಿದಾಗಲೂ ಅವನು ಅಲುಗದೆ ನಮಾಜನ್ನು ಮುಂದುವರಿಸುತ್ತಾನೆ. ಇಲ್ಲಿ ಮಾತಿಲ್ಲ, ರಂಗಸೂಚನೆ ಮಾತ್ರ ಇದೆ. ಅದನ್ನು ಓದುವವರು ಆತುರಪಡದೆ ಓದಿದರೆ, ವೇಷವಿಲ್ಲದ, ದೀಪವಿಲ್ಲದ ಕೋಣೆಯಲ್ಲಿಯೂ ಎಲ್ಲರ ಉಸಿರು ಹಿಡಿದಂತಾಗುತ್ತದೆ. ನಮಾಜು ಮುಗಿಸಿದ ಸುಲ್ತಾನ ಮುಂದೆ ಏನು ಮಾಡುತ್ತಾನೆಂಬುದನ್ನು ಓದದವರಿಗಾಗಿ ಇಲ್ಲಿ ಬರೆಯುವುದಿಲ್ಲ. ಆದರ್ಶ ಹೊತ್ತು ಬಂದ ಆಡಳಿತಗಾರ ಎಲ್ಲಿ ದಾರಿ ತಪ್ಪುತ್ತಾನೆ ಎಂಬ ಪ್ರಶ್ನೆಗೆ ಈ ನಾಟಕ ಕೊಡುವಷ್ಟು ಸಾಮಗ್ರಿಯನ್ನು ಬೇರಾವ ಕನ್ನಡ ನಾಟಕವೂ ಕೊಡುವುದಿಲ್ಲವೆಂದು ನಾನು ನಂಬಿದ್ದೇನೆ.

ಮಾಸ್ತಿಯವರ ‘ಕಾಕನಕೋಟೆ’ಯನ್ನು ನಮ್ಮವರು ಓದಲೇಬೇಕು. ನಾಗರಹೊಳೆಯ ಆಚೆ ಅಂಚಿನ ಆ ಕಾಡು ನಮಗೆ ದೂರದ್ದಲ್ಲ. ಮೈಸೂರಿನ ರಣಧೀರ ಕಂಠೀರವನ ಕಾಲದಲ್ಲಿ ಕಾಡುಕುರುಬರ ಮೇಲೆ ನಾಡಿನ ಅಧಿಕಾರ ಕೈಚಾಚುವ ಕಥೆ ಇದು. ಕಾಚನ ಪಾತ್ರ, ನಡುನಡುವೆ ಬರುವ ಹಾಡುಗಳು ಮನಸ್ಸಿನಲ್ಲಿ ಉಳಿಯುತ್ತವೆ. ಆದರೆ ಇದು ಹೊರಗಿನವರೊಬ್ಬರು ಪ್ರೀತಿಯಿಂದ ಬರೆದ ಚಿತ್ರವೆಂಬುದನ್ನು ಮರೆಯಬಾರದು. ಹತ್ತಿರದ ಹಾಡಿಗಳಿಂದ, ಅಂದರೆ ಬುಡಕಟ್ಟು ಜನರ ವಸತಿಗಳಿಂದ, ಕುರುಬರನ್ನೋ ಯರವರನ್ನೋ ಆ ದಿನ ಕೂಟಕ್ಕೆ ಆಹ್ವಾನಿಸಿ, ಅವರನ್ನು ಪ್ರದರ್ಶನದ ವಸ್ತುವಾಗಿಸದೆ, ಓದುಗರಾಗಿಯೇ ಕೂರಿಸಿಕೊಂಡು ಅವರ ಅಭಿಪ್ರಾಯವನ್ನು ಕೇಳಬೇಕು. ಕಾಡನ್ನು ಬಿಟ್ಟು ಹೊರಬರಬೇಕಾದವರು ಈ ನಾಟಕದಲ್ಲಿ ಕಾಣುವುದು ನಾವು ಕಾಣುವುದಕ್ಕಿಂತ ಬೇರೆಯೇ ಆಗಿರುತ್ತದೆ.

ಕೂಟ ಗಟ್ಟಿಯಾದ ಮೇಲೆ ಕಲ್ಯಾಣದ ಕ್ರಾಂತಿಯನ್ನು ಕುರಿತ ಮೂರು ನಾಟಕಗಳನ್ನು, ಅಂದರೆ ಲಂಕೇಶರ ‘ಸಂಕ್ರಾಂತಿ’, ಕಾರ್ನಾಡರ ‘ತಲೆದಂಡ’, ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ವನ್ನು ಸಾಲಾಗಿ ಓದಬಹುದು. ಇವು ಮುಂದಿನ ವರ್ಷಕ್ಕಿರಲಿ. ಕೈಲಾಸಂ ಅವರ ‘ಟೊಳ್ಳುಗಟ್ಟಿ’ಯನ್ನು ಪದವಿ ವಿದ್ಯಾರ್ಥಿಗಳಿಗೆ ಬಿಟ್ಟುಕೊಡಿ, ಅಂಕಗಳಲ್ಲಿ ಮುಂದಿರುವ ಪುಟ್ಟು ಮತ್ತು ಹಿಂದುಳಿದ ಮಾಧುವಿನ ಕಥೆಯನ್ನು ಅವರಿಗೆ ಯಾರೂ ವಿವರಿಸಬೇಕಾಗಿಲ್ಲ.

ಉತ್ತರ: ಸೋಮವಾರಪೇಟೆಯಿಂದ, ಗ್ರಂಥಾಲಯ ಕ್ಷೇತ್ರದಲ್ಲಿ ಕೆಲಸ ಮಾಡಿದವರು

ಪ್ರತಿಗಳನ್ನು ಹೊಂದಿಸುವ ವಿಷಯದಲ್ಲಿ ಒಂದೆರಡು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಲೇಖಕರು ತೀರಿಕೊಂಡ ಮುಂದಿನ ವರ್ಷದಿಂದ ಅರವತ್ತು ವರ್ಷಗಳವರೆಗೆ ಅವರ ಕೃತಿಗಳ ಹಕ್ಕು ಉಳಿದಿರುತ್ತದೆ. ಹೀಗಾಗಿ 1939ರಲ್ಲಿ ತೀರಿಕೊಂಡ ಗೌರಮ್ಮನವರ ಕಥೆಗಳನ್ನೂ 1946ರಲ್ಲಿ ತೀರಿಕೊಂಡ ಕೈಲಾಸಂ ಅವರ ನಾಟಕಗಳನ್ನೂ ಎಲ್ಲರಿಗೂ ಸಾಕಾಗುವಷ್ಟು ಜೆರಾಕ್ಸ್ ಮಾಡಿಸಿ ಹಂಚಲು ಅಡ್ಡಿಯಿಲ್ಲ. ಮಾಸ್ತಿ, ಕುವೆಂಪು, ಕಾರ್ನಾಡರ ಪುಸ್ತಕಗಳನ್ನು ಹಾಗೆ ಮಾಡುವಂತಿಲ್ಲ, ಕೊಂಡೇ ಓದಬೇಕು. ಟಿಕೆಟ್ ಇಲ್ಲದೆ, ಹವ್ಯಾಸಿ ಸಂಘವಾಗಿ ನಾಟಕ ಓದುವುದಕ್ಕೆ ಕಾಯ್ದೆಯಲ್ಲಿ ಅವಕಾಶವಿದೆ. ಟಿಕೆಟ್ ಇಟ್ಟು ಆಡುವುದಾದರೆ ಹಕ್ಕುದಾರರ ಅನುಮತಿ ಪಡೆಯಿರಿ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯವಾದ ಅರಿವು ಕೇಂದ್ರದಲ್ಲಿ ಕೂಟದ ಪಟ್ಟಿಯನ್ನು ಮುಂಚಿತವಾಗಿ ಕೊಟ್ಟರೆ ಇರುವ ಪ್ರತಿಗಳನ್ನು ತೆಗೆದಿರಿಸುತ್ತಾರೆ.

ಪ್ರಶ್ನೆ ಕೇಳಿದವರಿಂದ

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಗೌರಮ್ಮನವರ ಕಥೆಗಳಿಂದ ಆರಂಭಿಸಿ, ‘ಜಲಗಾರ’ವನ್ನು ಓದಿ, ನಂತರ ‘ಚಿಕವೀರ ರಾಜೇಂದ್ರ’ಕ್ಕೆ ಹೋಗುವುದೆಂದು ಸದ್ಯಕ್ಕೆ ತೀರ್ಮಾನಿಸಿದ್ದೇವೆ. ಓದುವ ಹೊಣೆಯ ಬಗ್ಗೆ ಮಡಿಕೇರಿಯವರು ಹೇಳಿದ್ದನ್ನು ನಮ್ಮ ಸಭೆಯಲ್ಲಿ ಓದಿ ಹೇಳಿದೆ. ಚಹಾದ ಜವಾಬ್ದಾರಿಯನ್ನು ನಿವೃತ್ತರು ವಹಿಸಿಕೊಂಡಿದ್ದಾರೆ. ಇನ್ನೊಂದು ಸಂದೇಹವಿದೆ. ಹರದಾಸ ಅಪ್ಪಚ್ಚಕವಿಯವರ ಕೊಡವ ನಾಟಕಗಳನ್ನು ಸೇರಿಸಬೇಕೆಂದು ಹಿರಿಯರು ಕೇಳುತ್ತಿದ್ದಾರೆ. ಕೊಡವ ಭಾಷೆ ಬಾರದವರು ಹೊರಗುಳಿದಂತೆ ಆಗುವುದಿಲ್ಲವೇ?

ಉತ್ತರ: ಪೊನ್ನಂಪೇಟೆಯ ಓದುಗ

ಮೇಡಂ, ಹೊರಗುಳಿಯದಂತೆ ಮಾಡಲು ದಾರಿಯಿದೆ. ಅಪ್ಪಚ್ಚಕವಿಯವರು (1868–1944) ಯಯಾತಿ, ಸಾವಿತ್ರಿ, ಸುಬ್ರಹ್ಮಣ್ಯ ಮತ್ತು ಕಾವೇರಿಯ ಕಥೆಗಳನ್ನು ಕೊಡವ ಭಾಷೆಯಲ್ಲಿ, ಕನ್ನಡ ಲಿಪಿಯಲ್ಲಿ, ಹಾಡುಗಳು ತುಂಬಿದ ನಾಟಕಗಳನ್ನಾಗಿ ಬರೆದರು. ಇವುಗಳಲ್ಲಿ ಮೊದಲನೆಯದಾದ ‘ಯಯಾತಿ ರಾಜ ನಾಟಕ’ 1906ರದ್ದು. ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಪ್ರಕಟವಾದದ್ದು 1961ರಲ್ಲಿ. ಈ ಎರಡನ್ನು ಜೋಡಿಯಾಗಿ ಇಡಿ. ಮಗನ ಯೌವನವನ್ನು ತಂದೆ ಬೇಡಿ ಪಡೆಯುವ ಕಥೆ ಎಲ್ಲರಿಗೂ ಗೊತ್ತಿರುವುದರಿಂದ, ಕೊಡವ ಭಾಷೆ ಬಾರದವರೂ ಹಾಡು ಮತ್ತು ಸಂಭಾಷಣೆಯ ಹಿಂದೆ ಹೋಗಬಲ್ಲರು. ಪ್ರತಿ ದೃಶ್ಯಕ್ಕೆ ಮುನ್ನ ನಾಲ್ಕು ಸಾಲಿನ ಕನ್ನಡ ಸಾರಾಂಶವನ್ನು ವಿದ್ಯಾರ್ಥಿಯೊಬ್ಬರು ಸಿದ್ಧಪಡಿಸಿ ಓದಲಿ. ಕೊಡವ ಭಾಷೆಯ ಕೆಲವು ಸ್ವರಗಳಿಗೆ ಕನ್ನಡದಲ್ಲಿ ಅಕ್ಷರವಿಲ್ಲವಾದ್ದರಿಂದ ಕಂಡಂತೆ ಓದಿದರೆ ಉಚ್ಚಾರ ಕೆಡುತ್ತದೆ. ಮನೆಯಲ್ಲಿ ಆ ಭಾಷೆಯನ್ನಾಡುವ ಹಿರಿಯರೇ ಓದಬೇಕು, ಹಾಡುಗಳನ್ನು ಕಿರಿಯರಿಗೆ ಕಲಿಸಬೇಕು.

ಇದೇ ಕಾರಣಕ್ಕೆ ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯಿಂದಲೂ ಒಂದು ಭಾಗವನ್ನು ಆರಿಸಿಕೊಳ್ಳಿ. ಪೊಲೀಸ್ ಅಧಿಕಾರಿಯಾಗಿದ್ದ ಅವರು ಊರೂರು ಸುತ್ತಿ ಸಂಗ್ರಹಿಸಿದ ಹಾಡು, ಗಾದೆ, ನಂಬಿಕೆ, ಆಚರಣೆಗಳು 1924ರಲ್ಲಿ ಪುಸ್ತಕವಾಗಿ ಬಂದವು. ಕೊಡಗಿನ ಸುಗ್ಗಿಹಬ್ಬ ಪುತ್ತರಿ ಸಮೀಪಿಸಿದಾಗ ದುಡಿಯೊಡನೆ ಹಾಡುವ ನಾಲ್ವರನ್ನು ಕರೆಸಿ, ಅವರು ಹಾಡುವಾಗ ಉಳಿದವರು ಪುಸ್ತಕದ ಪುಟವನ್ನು ಅನುಸರಿಸಿದರೆ, ಮುದ್ರಿತ ಪಠ್ಯಕ್ಕೂ ಇಂದು ಉಳಿದಿರುವ ಹಾಡಿಗೂ ಎಲ್ಲೆಲ್ಲಿ ವ್ಯತ್ಯಾಸವಾಗಿದೆಯೆಂದು ಗುರುತು ಹಾಕಿಕೊಳ್ಳಬಹುದು. ಆ ಗುರುತುಗಳೇ ನಿಮ್ಮ ಕೂಟದ ಬೆಲೆಯುಳ್ಳ ಕೆಲಸವಾಗುತ್ತವೆ.

ಯಯಾತಿಗೆ ಮರಳುವುದಾದರೆ, ಕಾರ್ನಾಡರು ಯಯಾತಿಯ ಮಗ ಪುರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ಸೃಷ್ಟಿಸಿದ್ದಾರೆ. ಗಂಡ ಮುದುಕನಾಗಿ ನಿಂತಿದ್ದಾನೆ, ಅವನ ಯೌವನವನ್ನು ಪಡೆದ ಮಾವ ಎದುರಿಗಿದ್ದಾನೆ, ಈ ತ್ಯಾಗವನ್ನು ಹಿಗ್ಗಿನಿಂದ ಒಪ್ಪಿಕೊಳ್ಳಬೇಕೆಂದು ಅವಳಿಗೆ ಉಪದೇಶ ನಡೆಯುತ್ತಿದೆ. ನನ್ನನ್ನು ಯಾರೂ ಕೇಳಲಿಲ್ಲವಲ್ಲ ಎಂಬ ಅವಳ ವಾದಕ್ಕೆ ಆ ಅರಮನೆಯಲ್ಲಿ ಉತ್ತರ ಕೊಡುವವರಿಲ್ಲ. ಚಿತ್ರಲೇಖೆಯ ಪಾತ್ರವನ್ನು ಪದವಿ ಓದುತ್ತಿರುವ ಹುಡುಗಿಯರಲ್ಲಿ ಒಬ್ಬರಿಗೆ, ಯಯಾತಿಯನ್ನು ಹಿರಿಯರೊಬ್ಬರಿಗೆ ಕೊಡಿ. ಕ್ರಮ ಮಾತ್ರ ಹೀಗಿರಲಿ: ಅಪ್ಪಚ್ಚಕವಿಯವರ ನಾಟಕ ಮೊದಲು, ಕಾರ್ನಾಡರದು ಮುಂದಿನ ವಾರ. ಕಥೆಯನ್ನು ನಮ್ಮ ಅಜ್ಜಂದಿರು ಕೇಳಿದ ರೀತಿಯಲ್ಲಿ ಹಾಡಿನೊಡನೆ ಪೂರ್ತಿಯಾಗಿ ಕೇಳಿದ ಮೇಲೆಯೇ, ಚಿತ್ರಲೇಖೆ ಬಂದು ಪ್ರಶ್ನಿಸುವಾಗ ಅವಳು ಪ್ರಶ್ನಿಸುತ್ತಿರುವುದು ಯಾವುದನ್ನು ಎಂಬುದು ಕೂಟಕ್ಕೆ ಸ್ಪಷ್ಟವಾಗುತ್ತದೆ.